ಅಕ್ಕನ ಫೋನು, ಭಾವನ ಹೊಟ್ಟೆಕಿಚ್ಚು

ನನ್ನ ಭಾವನಿಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಎಂದೂ ಎದುರಿಗೆ ಕಾಣದ ಒಬ್ಬ ಹೆಂಗಸಿನ ಮೇಲೆ. ಅಕ್ಕ ವಾರಕ್ಕೊಮ್ಮೆ ಫೋನಿನಲ್ಲಿ ಮುಖ ನೋಡಿ ಮಾತಾಡುತ್ತಿದ್ದ ಡಾಕ್ಟರಮ್ಮ ಆಕೆ.

ಭಾವ ಮೊಬೈಲ್ ರಿಪೇರಿ ಮಾಡುವವರು. ಬೇರೆಯವರು ಕೈಬಿಟ್ಟ ಫೋನೂ ಅವರ ಕೈಯಲ್ಲಿ ಸರಿಹೋಗುತ್ತದೆ. ಮನೆಯಲ್ಲಿ ಮಾತ್ರ, ಮಗಳು ತೀರಿಕೊಂಡಂದಿನಿಂದ ಗಂಡ ಹೆಂಡತಿ ಇಬ್ಬರ ಬಾಯಿಗೂ ಬೀಗ. ವರ್ಷಗಳು ಕಳೆದರೂ ಅಕ್ಕ ಮಗಳ ಸ್ಕೂಲು ಬಿಡುವ ಹೊತ್ತಿಗೆ ಹೋಗಿ ಗೇಟಿನ ಮುಂದೆ ನಿಲ್ಲುತ್ತಿದ್ದಳು. ನೋಡಲಾರದೆ, ಇಂಥ ದುಃಖಕ್ಕೆ ಆನ್‌ಲೈನಿನಲ್ಲೇ ಚಿಕಿತ್ಸೆ ಕೊಡುವ ಆ ಡಾಕ್ಟರನ್ನು ನಾನೇ ಹುಡುಕಿಕೊಟ್ಟೆ.

ಅಕ್ಕ ಬಾಗಿಲು ಹಾಕಿಕೊಂಡು ಮಾತಾಡತೊಡಗಿದಳು. ಒಮ್ಮೆ ನಕ್ಕಳು ಕೂಡ. ಅಷ್ಟು ಸಾಕಾಯಿತು ನೋಡಿ!

ಅವರ ಅಂಗಡಿಯ ಪಕ್ಕದಲ್ಲೇ ಇರುವ ನನ್ನ ಜೆರಾಕ್ಸ್ ಅಂಗಡಿಗೆ ಬಂದು ಭಾವ ಹಾರಾಡಿದರು. "ನನ್ನ ಹತ್ರ ತುಟಿಪಿಟಕ್ ಅನ್ನಲ್ಲ. ಯಾರೋ ಗೊತ್ತಿಲ್ಲದವರ ಹತ್ರ ನಗ್ತಾಳೆ! ಹೋದವಳು ನನಗೂ ಮಗಳಲ್ವಾ?"

"ಅಯ್ಯೋ ಭಾವ, ಡಾಕ್ಟರ್ ಮೇಲೂ ಹೊಟ್ಟೆ ಉರ್ಕೊಳ್ತೀರಾ?"

"ಉರಿಯತ್ತೆ. ಏನೀಗ?"

ಮುಂದಿನ ವಾರ ಅವರು ಮಾಡಿದ ಘನಂದಾರಿ ಕೆಲಸ ಕೇಳಿ. ಚಾರ್ಜಿಂಗ್ ಪಿನ್ ಕೆಟ್ಟಿದೆ ಎಂದು ಸುಳ್ಳು ಹೇಳಿ ಅಕ್ಕನ ಫೋನನ್ನು ಅಂಗಡಿಗೆ ತಂದು ಬಿಚ್ಚಿಹಾಕಿದರು. ಡಾಕ್ಟರ ಜೊತೆ ಮಾತಾಡುವ ಹೊತ್ತು ತಪ್ಪಿಹೋಗಲಿ ಅಂತ! ನಾನು ಅವರ ಅಂಗಡಿಗೆ ಹೋಗಿ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

"ಇವತ್ತು ಮಗಳು ಹೋದ ದಿನದ್ದು ಪೂರ್ತಿ ಹೇಳ್ಬೇಕಿತ್ತು ರೀ. ಫೋನ್ ಇಲ್ವಲ್ಲ, ನೀವೇ ಕೇಳಿ."

ಭಾವನ ಮುಖ ಅರಳಿತು. ಗೆದ್ದರಲ್ಲ!

"ನೀವು ಅಂಗಡಿಗೆ ಹೋದ್ಮೇಲೆ ಜ್ವರ ಏರ್ತು. ಚಳಿ ಅಂದ್ಳು. ಕಂಬಳಿ ಬೇಡ, ಅಪ್ಪನ ಅಂಗಿ ಹೊದ್ದಿಸು ಅಂದ್ಳು..."

"ಸಾಕು."

"ಹೊದ್ದಿಸ್ದೆ. ಅದರ ತೋಳು ಹಿಡ್ಕೊಂಡು..."

"ಸಾಕು ಅಂದ್ನಲ್ಲ!" ಭಾವ ಗಡಿಬಿಡಿಯಲ್ಲಿ ಫೋನ್ ಜೋಡಿಸಿದರು. ಎರಡು ಸ್ಕ್ರೂ ಹೊರಗೇ ಉಳಿದವು. ಆನ್ ಮಾಡಿ ಅವಳ ಕೈಗೆ ತುರುಕಿದರು. "ತಗೋ, ಏನೂ ಕೆಟ್ಟಿರ್ಲಿಲ್ಲ. ಆಕೆ ಹತ್ರಾನೇ ಹೇಳ್ಕೋ. ನನ್ನ ಕೈಲಾಗಲ್ಲ."

ಅಕ್ಕ ಫೋನ್ ತೆಗೆದುಕೊಂಡು ಎದ್ದಳು. ಪಾಪ ಅನ್ನಿಸಿತು ನನಗೆ, ಇಬ್ಬರನ್ನೂ ನೋಡಿ. ಅವಳು ಮೆಟ್ಟಿಲಿಳಿಯುವಾಗ ಭಾವನಿಗೆ ತಡೆಯಲಾಗಲಿಲ್ಲ.

"ಏ, ಆ ಅಂಗಿ ವಿಷ್ಯ... ಅದನ್ನೂ ಆಕೆಗೆ ಹೇಳ್ಬಿಟ್ಟಿದೀಯಾ?"

"ಇಲ್ಲ ರೀ," ಎಂದಳು ಅಕ್ಕ. "ಅದು ನಿಮ್ಮದು. ನಿಮಗೇ ಅಂತ ಇಟ್ಕೊಂಡಿದ್ದೆ."