ಮನೆತನಕ ಹೋಗಿ ಕರೆದ ಕಾಮೆಂಟು

ಹೊಗಳಿಕೆಯೇ ಬೇಡ ಎನ್ನುವವರನ್ನು ಕಂಡರೆ ನನಗೆ ಭಾರಿ ಗೌರವ. ನಾನು ಆ ಪೈಕಿಯವಳಲ್ಲ. ನಿವೃತ್ತಿಯಾದ ಮೇಲೆ ಅಂತರ್ಜಾಲದಲ್ಲಿ ಒಂದು ತಾಣ ತೆರೆದು, ಅಡಿಗೆಯ ಬಗ್ಗೆ ಬರೆದು, ಪ್ರತಿ ಬರಹದ ಕೆಳಗೆ ‘ದಯವಿಟ್ಟು ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಸೇರಿಸಿ, ಒಲೆಯ ಮೇಲಿನ ಹಾಲು ಕಾಯುವವಳಂತೆ ಮೊಬೈಲಿನ ಮುಂದೆ ಕೂತವಳು. ಮೂರು ತಿಂಗಳು ಕೂತೆ. ಹಾಲು ಉಕ್ಕುವುದಿರಲಿ, ಬೆಚ್ಚಗೂ ಆಗಲಿಲ್ಲ.

ತಾಣ ತೆರೆದದ್ದಕ್ಕೆ ಕಾರಣ ಸಿಟ್ಟು. ಧಾರವಾಡದಿಂದ ಒಡೆದು ಗದಗ ಬೇರೆ ಜಿಲ್ಲೆಯಾಯಿತು, ಕಚೇರಿಗಳು ಬಂದವು, ಫಲಕಗಳು ಬದಲಾದವು. ಆದರೆ ಪರ ಊರಿನವರಿಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿದಾಗ ‘ಆಹಾ, ಧಾರವಾಡದ ಊಟ!’ ಎಂದು ಬೆರಳು ನೆಕ್ಕುವುದು ಮಾತ್ರ ನಿಲ್ಲಲಿಲ್ಲ. ಎಷ್ಟು ವರ್ಷ ಸಹಿಸುವುದು? ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಒಲೆಗಳಿಗೂ ಒಂದು ಸ್ವಂತ ವಿಳಾಸ ಇರಲಿ ಎಂದುಕೊಂಡೆ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳಿಗೆ ಬರೆಯುವುದೇನೂ ಕಷ್ಟವಲ್ಲ. ಅಭಿಪ್ರಾಯ ಹೊರಡಿಸುವುದು ಕಷ್ಟ. ಶಾಲೆಯಲ್ಲಾದರೆ ‘ಎದ್ದು ನಿಂತು ಹೇಳು’ ಎನ್ನಬಹುದಿತ್ತು.

ಜನ ಓದುತ್ತಿರಲಿಲ್ಲ ಎಂದಲ್ಲ. ಬೆಟಗೇರಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರೆ ಪಕ್ಕದಲ್ಲಿದ್ದವರು, ‘ಅಕ್ಕೋರ, ನೀವು ಬರದಂಗ ಝುಣಕಾ ಮಾಡಿದ್ನಿ, ನೀರ ಜಾಸ್ತಿ ಆತು ನೋಡ್ರಿ’ ಎನ್ನುವರು. ಹುಲಕೋಟಿಯ ಬಸ್ಸಿನಲ್ಲಿ ಒಬ್ಬರು ನನ್ನ ಇಡೀ ಬರಹಕ್ಕೆ ಬಾಯಲ್ಲೇ ವಿಮರ್ಶೆ ಒಪ್ಪಿಸಿದರು. ‘ಅದನ್ನ ಅಲ್ಲೇ ಕೆಳಗ ಬರೀಬಾರದೇನ್ರಿ?’ ಎಂದರೆ ನಕ್ಕು ಕಿಟಕಿಯ ಕಡೆ ನೋಡಿದರು.

ಈ ಗುಟ್ಟು ಬಿಡಿಸಿದವಳು ನನ್ನ ಗೆಳತಿ ಜುಬೇದಾ. ಮುಂಡರಗಿಯಲ್ಲಿ ನಮ್ಮಿಬ್ಬರ ತವರುಮನೆಗಳ ನಡುವೆ ಒಂದೇ ಗೋಡೆ. ಒಂದೇ ಶಾಲೆ, ಒಂದೇ ಬೆಂಚು, ಮದುವೆಯಾಗಿ ಬಂದು ಸೇರಿದ್ದೂ ಬೆಟಗೇರಿಗೇ. ಅವಳದು ಬಳೆ ಅಂಗಡಿ. ಯಾರದೋ ಕೈಗೆ ಬಳೆ ಏರಿಸುತ್ತ ನನ್ನ ಗೋಳು ಕೇಳಿದವಳು ತಲೆ ಎತ್ತದೆ ಹೇಳಿದಳು:

‘ಏ ಸರೋಜಾ, ಲಗ್ನಪತ್ರ ಬಾಗಲದಾಗ ಒಗದು ಹೋದ್ರ ನೀ ಆ ಲಗ್ನಕ್ಕ ಹೋಗ್ತೀಯೇನ? ಮನೀತನಕ ಬಂದು ಕರದ್ರ ಮಂದಿ ಬರ್ತಾರ. ನೀ ಯಾರನ್ನ ಕರದೀ ಹೇಳು?’

ಖರೆ ಮಾತು. ನಮ್ಮ ಕಡೆ ಅಚ್ಚಾದ ಪತ್ರಿಕೆಗೆ ಕಿಮ್ಮತ್ತಿಲ್ಲ. ಮನೆಗೆ ಹೋಗಿ, ಕೂತು, ಚಹಾ ಕುಡಿದು, ಎಲೆ-ಅಡಿಕೆ ಕೊಟ್ಟು ‘ಮನಿಮಂದಿ ಎಲ್ಲಾರೂ ಬರಬೇಕು’ ಎಂದರೆ ಅದು ಕರೆ. ಇಲ್ಲವಾದರೆ ಇಪ್ಪತ್ತು ವರ್ಷದ ನಂತರವೂ ‘ನಮಗೇನು ಕರದಿದ್ರೇನ?’ ಎಂಬ ಮಾತು ಬರುತ್ತದೆ. ಬರಹದ ಕೆಳಗಿನ ನನ್ನ ‘ದಯವಿಟ್ಟು’ ಬಾಗಿಲಲ್ಲಿ ಎಸೆದ ಪತ್ರಿಕೆಯಾಗಿತ್ತು.

ಮರುವಾರವೇ ಚೀಲದಲ್ಲಿ ಎಲೆ-ಅಡಿಕೆ ತುಂಬಿಕೊಂಡು ಹೊರಟೆ. ಶಿರಹಟ್ಟಿಗೆ ಹೋದೆ, ಲಕ್ಷ್ಮೇಶ್ವರಕ್ಕೆ ಹೋದೆ, ಹೊಳೆದಂಡೆಯ ಹಮ್ಮಿಗಿಗೂ ಹೋದೆ. ‘ಏನ್ ಕಾರ್ಯಾರೀ ಅಕ್ಕೋರ? ಲಗ್ನಾ, ಮನಿ ಶಾಂತಿನಾ?’ ಎಂದು ಎಲ್ಲರೂ ಕೇಳಿದರು. ‘ಕಾಮೆಂಟ್ ಮಾಡಾಕ ಕರೀಲಿಕ್ಕೆ ಬಂದೀನಿ’ ಎನ್ನುವಾಗ ನನಗೇ ನಗು ಬರುತ್ತಿತ್ತು. ಹಮ್ಮಿಗಿಯ ಅಜ್ಜಿಯೊಬ್ಬರು ಎಲೆ-ಅಡಿಕೆ ಕಣ್ಣಿಗೆ ಒತ್ತಿಕೊಂಡು, ‘ಊಟ ಇರ್ತೈತೇನ ಯವ್ವಾ?’ ಎಂದು ಕೇಳಿದರು. ಊಟದ ವರ್ಣನೆ ಇರುತ್ತದೆ ಎಂದೆ. ಅವರ ಮುಖ ಸ್ವಲ್ಪ ಬಾಡಿತು. ಜುಬೇದಾಳ ಮನೆಗೂ ಕ್ರಮ ತಪ್ಪದೆ ಹೋದೆ. ಅವಳು ಸೆರಗು ಹೊದ್ದು, ಗಂಭೀರವಾಗಿ ಎಲೆ-ಅಡಿಕೆ ಇಸಿದುಕೊಂಡು, ಆಮೇಲೆ ಬಿದ್ದು ಬಿದ್ದು ನಕ್ಕಳು.

ಬಂದವು ನೋಡಿ ಕಾಮೆಂಟುಗಳು! ‘ಬಂದಿದ್ದೆವು. ಮನಿಮಂದಿ ಐದು ಜನ’ ಎಂದು ಒಬ್ಬರು. ‘ನಮ್ಮವರು ಊರಾಗಿಲ್ಲ, ಅವರ ಪರವಾಗಿ ನಾನೇ ಬಂದೀನಿ’ ಎಂದು ಇನ್ನೊಬ್ಬರು. ಬರಹ ಹೇಗಿದೆ ಎಂದು ಯಾರೂ ಹೇಳಲಿಲ್ಲ. ಮದುವೆಗೆ ಹೋದವರು ಮಂತ್ರದ ಬಗ್ಗೆ ಅಭಿಪ್ರಾಯ ಹೇಳುತ್ತಾರೆಯೇ? ಮುಖ ತೋರಿಸಿದರೆ ಮುಗಿಯಿತು. ನನಗಂತೂ ಹೋಳಿಗೆ ತಿಂದಷ್ಟು ಸಂತೋಷವಾಯಿತು.

ಆದರೆ ಜನ ಸೇರಿದರೆ ಬಾಗಿಲಿಗೆ ಒಬ್ಬರು ಬೇಕಲ್ಲ. ಬಂದ ಕಾಮೆಂಟು ಮೊದಲು ನನಗೆ ಕಾಣಿಸಬೇಕು, ಕೆಳಗೆ ‘ಪ್ರಕಟಿಸು’, ‘ಅಳಿಸು’ ಎಂಬ ಎರಡು ಗುಂಡಿ ಇರಬೇಕು, ಹಾಗೆ ವ್ಯವಸ್ಥೆ ಮಾಡಿಕೊಂಡೆ. ಕೆಂಪು ಶಾಯಿಯ ಪೆನ್ನು ಕಳೆದುಕೊಂಡಿದ್ದ ಮಾಸ್ತರಿಕೆಗೆ ಮತ್ತೆ ಜೀವ ಬಂತು. ‘ಅಳಿಸು’ ಮುಟ್ಟುವಾಗ ಮಾತ್ರ ಪಾಪದ ಭಯವಾಗುತ್ತಿತ್ತು. ನಮ್ಮ ಕಡೆ ಎಲ್ಲಿ ಹೋದರೂ ಶಾಸನದ ಕಲ್ಲುಗಳು. ದಾನದ ವಿವರ ಮುಗಿದ ಮೇಲೆ, ಇದನ್ನು ಕೆಡಿಸಿದವರಿಗೆ ಗೋಹತ್ಯೆಯ ಪಾಪ ತಟ್ಟಲಿ ಎಂಬ ಶಾಪ. ಬರೆದದ್ದನ್ನು ಅಳಿಸುವವರು ಆಗಲೂ ಇದ್ದರು ಎಂದಾಯಿತು. ಅಳಿಸಿದರೆ ಪಾಪ ಬರುತ್ತದೆ ಸರಿ, ಅಳಿಸದೆ ಸುಮ್ಮನೆ ತಡೆದಿಟ್ಟರೆ ಏನು ಬರುತ್ತದೆ ಎಂದು ಯಾವ ಕಲ್ಲಿನಲ್ಲೂ ನಾನು ಓದಿರಲಿಲ್ಲ. ಅದು ಗೊತ್ತಾದದ್ದು ರಂಜಕದಿಂದ.

ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುರಿದ ಮೆಂತ್ಯದ ಪುಡಿ ಹಾಕಿ ಕುಟ್ಟಿ, ಲಿಂಬೆರಸ ಹಿಂಡಿದ ಕೆಂಪು ಚಟ್ನಿ ಅದು. ‘ನಮ್ಮವ್ವನ ಕೈಯ ರಂಜಕ’ ಎಂದು ಬರೆದೆ. ನಾನು ಬರೆದದ್ದರಲ್ಲೆಲ್ಲ ಒಳ್ಳೆಯದು ಅದೇ. ಬರೆಯುವಾಗ ಎರಡು ಸಲ ಕಣ್ಣು ಒರೆಸಿಕೊಂಡಿದ್ದೆ. ಸಂಜೆಗೆ ಜುಬೇದಾಳ ಕಾಮೆಂಟು ಬಂತು:

‘ಸರೋಜಾ, ಛಲೋ ಬರದೀ. ಆದ್ರ ಇದು ನಿಮ್ಮವ್ವಂದಲ್ಲ, ನಮ್ಮಮ್ಮಂದು. ಗ್ವಾಡಿ ಮ್ಯಾಲಿಂದ ಭರಣಿ ಕೊಡ್ತಿದ್ಲು, ಮರತಿಯೇನ?’

ಉರಿದುಹೋದೆ. ಊರ ಮುಂದೆ ನನ್ನ ಅವ್ವನನ್ನು ಸುಳ್ಳಾಗಿಸುವುದೇ? ಪ್ರಕಟಿಸಲಿಲ್ಲ. ಅಳಿಸುವ ಧೈರ್ಯವೂ ಇರಲಿಲ್ಲ. ಅವಳ ಮೊಬೈಲಿನಲ್ಲಿ ‘ಪರಿಶೀಲನೆಯಲ್ಲಿದೆ’ ಎಂದು ಕಾಣಿಸುತ್ತಲೇ ಇತ್ತು. ಅವಳ ನಂತರ ಬಂದವರೆಲ್ಲ ‘ಬಂದಿದ್ದೆವು, ಬಂದಿದ್ದೆವು’ ಎಂದು ಒಳಗೆ ಹೋದರು. ಒಂಬತ್ತನೆಯ ದಿನ ಏನೂ ಆಗದವಳಂತೆ ಅವಳ ಅಂಗಡಿಗೆ ಹೋದೆ.

‘ಬರ್ರಿ ಅಕ್ಕೋರ, ಕುಂಡ್ರಿ. ಯಾವ ನಮೂನಿ ಬಳಿ ತೋರಸ್ಲಿರಿ?’ ಎಂದಳು.

ಐವತ್ತು ವರ್ಷದಲ್ಲಿ ಜುಬೇದಾ ನನ್ನನ್ನು ಬೈದಿದ್ದಾಳೆ, ಜಡೆ ಹಿಡಿದು ಎಳೆದಿದ್ದಾಳೆ. ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ‘ಇದೇನ ಜುಬೇದಾ, ನನಗ ರೀ ಅಂತೀ?’ ಎಂದೆ.

‘ಮನೀತನಕ ಬಂದು ಕರದ್ರಿ, ಬಂದ್ನಿ. ಒಂಬತ್ತ ದಿನಾ ಆತು, ಒಳಗ ಬಾ ಅನ್ನಲಿಲ್ಲ. ಎಷ್ಟ ದಿನಾ ನಿಂದರ್ಲಿರಿ?’ ಅಷ್ಟೇ ಹೇಳಿ ಬಳೆಯ ಡಬ್ಬಿ ಒರೆಸತೊಡಗಿದಳು.

ಮನೆಗೆ ಬಂದು ಶಿರಹಟ್ಟಿಯ ಅಕ್ಕನಿಗೆ ಫೋನು ಮಾಡಿದೆ. ಅವಳಾದರೂ ನನ್ನ ಪರವಾಗಿ ಸಾಕ್ಷಿ ಹೇಳಲಿ ಎಂಬ ಆಸೆ. ಅಕ್ಕ ನಕ್ಕಳು. ‘ಅವ್ವ ರಂಜಕಾ ಯಾವಾಗ ಕುಟ್ಟಿದ್ಲ? ಹಣ್ಣಮೆಣಸಿನಕಾಯಿ ಮುಟ್ಟಿದ್ರ ಆಕಿ ಕೈ ಬಾತು ಬರ್ತಿದ್ವು. ಕುಟ್ಟಾಕಿ ಬಾಜೂಮನಿ ಚಿಗವ್ವ. ನಿನಗ ರೊಟ್ಟಿ ಮ್ಯಾಲ ಹಚ್ಚಿ ಕೊಡಾಕಿ ಅವ್ವ. ನೀ ಹಚ್ಚಿದ ಕೈ ಅಷ್ಟ ನೋಡೀದಿ.’

ಚಿಗವ್ವ ಎಂದರೆ ಜುಬೇದಾಳ ತಾಯಿ. ನಾವು ಹಾಗೆಯೇ ಕರೆಯುತ್ತಿದ್ದೆವು. ನನಗೆ ಬಹಳ ನಾಚಿಕೆಯಾಯಿತು. ತಿಂದದ್ದು ನೆನಪಿಟ್ಟು, ಖಾರದ ಕೈಯಿಂದ ಕಣ್ಣೊರೆಸಿಕೊಳ್ಳಲಾಗದೆ ಗೋಡೆಯಾಚೆ ಕುಟ್ಟುತ್ತಿದ್ದವಳನ್ನು ನಾನು ಮರೆತಿದ್ದೆ. ಆ ತಾಯಿಯ ಮಗಳನ್ನೇ ಬಾಗಿಲಲ್ಲಿ ನಿಲ್ಲಿಸಿದ್ದೆ.

‘ಪ್ರಕಟಿಸು’ ಒತ್ತಿದೆ. ಅದರ ಕೆಳಗೆ ‘ಜುಬೇದಾ ಹೇಳಿದ್ದೇ ಖರೆ. ತಪ್ಪು ನನ್ನದು. ಒಳಗೆ ಬಾರೇ’ ಎಂದು ಬರೆದೆ.

ಆಮೇಲೆ ನಡೆದದ್ದು ನಾನು ಎಣಿಸಿರದ ಸಂಭ್ರಮ. ಮೊಟ್ಟಮೊದಲ ಬಾರಿಗೆ ಜನ ‘ಬಂದಿದ್ದೆವು’ ಬಿಟ್ಟು ಬೇರೆ ಬರೆದರು. ಲಕ್ಷ್ಮೇಶ್ವರದವರೊಬ್ಬರು ತಮ್ಮ ಮನೆಯ ಪ್ರಸಿದ್ಧ ಮಾವಿನ ಉಪ್ಪಿನಕಾಯಿ ಎದುರುಮನೆಯವರು ಹಾಕಿಕೊಡುತ್ತಿದ್ದದ್ದು ಎಂದು ಒಪ್ಪಿಕೊಂಡರು. ಹಮ್ಮಿಗಿಯ ಅಜ್ಜಿ ತಮ್ಮ ಅಗಸೆಯ ಚಟ್ನಿಪುಡಿಯ ಬಗ್ಗೆ ಮೊಮ್ಮಗಳ ಕೈಯಲ್ಲಿ ಬರೆಸಿದರು: ‘ನಮ್ಮ ಅಗಸಿ ಹಿಂಡಿ ನಮ್ಮದಲ್ಲ ಯವ್ವಾ, ಹಿಂದಿನ ಓಣಿಯವರದು.’ ಜಿಲ್ಲೆಯ ಅಡಿಗೆಗೆ ವಿಳಾಸ ಕೊಡಲು ಹೊರಟಿದ್ದೆ. ಈಗ ಒಂದು ಭರಣಿಯೂ ತನ್ನ ಸ್ವಂತ ವಿಳಾಸದಲ್ಲಿ ಉಳಿಯಲಿಲ್ಲ.

ಜುಬೇದಾ ಮಾತ್ರ ಎರಡು ದಿನ ಸುಮ್ಮನಿದ್ದಳು. ನನ್ನ ಜೀವ ಅಲ್ಲಿಯೇ ಇತ್ತು. ಮೂರನೆಯ ದಿನ ಬೆಳಿಗ್ಗೆ ಅವಳ ಕಾಮೆಂಟು ಬಂದು ಬಾಗಿಲಲ್ಲಿ ನಿಂತಿತ್ತು:

‘ಏ ಸರೋಜಾ, ಒಳಗ ಬಂದೆ ನೋಡು. ಬಂದ ಮ್ಯಾಲ ಖರೇನ ಹೇಳ್ತೀನಿ. ಲಗ್ನಾಗಿ ಬಂದಾಗ “ನಮ್ಮಮ್ಮ ಮಾಡಿದ್ದು” ಅಂತ ನಮ್ಮತ್ತಿಗೆ ಬೇಸನ್ ಉಂಡಿ ಕೊಟ್ಟಿದ್ನಿ. ಅತ್ತಿ ಸಾಯೂತನಕ ನಮ್ಮಮ್ಮನ ಕೈ ಹೊಗಳಿದ್ಲು. ಅವು ನಿಮ್ಮವ್ವ ಪಂಚಮಿಗೆ ಕಟ್ಟಿ ಕೊಟ್ಟ ಉಂಡಿ.’

ಸಂಪಾದಕರು ಯಾವ ಮಾತನ್ನೂ ಪೂರ್ತಿ ಪರಿಶೀಲಿಸದೆ ಪ್ರಕಟಿಸಬಾರದು, ಸ್ವಂತದವರ ಪರ ವಾಲಬಾರದು. ಇದು ನಾನೇ ಮಾಡಿಕೊಂಡ ನಿಯಮ. ಆದರೆ ‘ನಿಮ್ಮವ್ವ’ ಎಂಬಲ್ಲಿಗೆ ಬರುವಷ್ಟರಲ್ಲಿ ನನ್ನ ಬೆರಳು ‘ಪ್ರಕಟಿಸು’ ಗುಂಡಿ ಒತ್ತಿಯಾಗಿತ್ತು.