ಹೆಜಮಾಡಿಯ ಕೊನೆಯ ರಜೆ

ಆಗೆಲ್ಲ ಪರೀಕ್ಷೆ ಮುಗಿದ ಮರುದಿನ ಕಾರ್ಕಳದ ಬಸ್ ನಿಲ್ದಾಣದಲ್ಲಿ ಬಟ್ಟೆಯ ಚೀಲ ಹಿಡಿದು ನಿಲ್ಲುವುದೇ ನಮಗೆ ಹಬ್ಬ. ನಾನು ಹೋಗುತ್ತಿದ್ದದ್ದು ಹೆಜಮಾಡಿಗೆ, ಅಪ್ಪನ ತಂಗಿ ಶಾರದತ್ತೆಯ ಮನೆಗೆ. ಐದನೇ ಕ್ಲಾಸಿನ ವರ್ಷ ಮಾತ್ರ ರಜೆ ಶುರುವಾಗುವಾಗಲೇ ಪೇರಳೆ ಮರದಿಂದ ಬಿದ್ದು ಎಡಗೈ ಮುರಿದುಕೊಂಡೆ. ಪ್ಲಾಸ್ಟರ್ ಇನ್ನೂ ಹೊಸತು. ಅಪ್ಪ ಬೇಡವೆಂದರು. ನಾನು ಊಟ ಬಿಟ್ಟೆ. ಕೊನೆಗೆ ಅತ್ತೆಯೇ ಬಂದರು.

"ನಾನು ನೋಡಿಕೊಳ್ತೇನೆ ಅಣ್ಣಾ."

ಒಣಮೀನಿನ ವಾಸನೆಯ ಆ ಮನೆಯಲ್ಲಿ ಅತ್ತೆ ಬಂಗುಡೆ ಮೀನಿನ ಮುಳ್ಳು ಬಿಡಿಸಿ ನನ್ನ ಬಾಯಿಗಿಟ್ಟರು. ಮರುದಿನ ಬೆಳಿಗ್ಗೆ ಕಡಲ ಬದಿಗೆ ಹೋಗಿ ದೋಣಿಯ ನೆರಳಿನಲ್ಲಿ ಕೂತು ಬಂದೆವು. ಮಧ್ಯಾಹ್ನ ಅತ್ತೆಯ ಮಗಳು ರೂಪಾಳೊಡನೆ ಕಲ್ಲಾಟ ಆಡುವಾಗ ನೋವು ಶುರುವಾಯಿತು. ಬಿದ್ದಾಗಿನ ನೋವಲ್ಲ, ಒಳಗಿನಿಂದ ಯಾರೋ ಹಿಂಡಿದ ಹಾಗೆ.

"ಅತ್ತೇ, ಕೈ ಬಿಗಿಯುತ್ತಾ ಉಂಟು."

ಬೆರಳುಗಳು ಊದಿ ನೀಲಿಗಟ್ಟಿದ್ದವು. ಅತ್ತೆ ಕಿರುಬೆರಳನ್ನು ಚಿವುಟಿ, "ಗೊತ್ತಾಗ್ತದಾ?" ಎಂದರು.

"ಎಂತದ್ದು?" ಎಂದೆ.

ಅತ್ತೆಯ ಮುಖ ಬಿಳಿಚಿಕೊಂಡಿತು.

ಮನೆಗಿದ್ದದ್ದು ಒಂದೇ ಮೊಬೈಲು. ಅದು ಮೀನು ಹಿಡಿಯಲು ಹೋದ ಮಾವನ ಜೊತೆ ಬೋಟಿನಲ್ಲಿತ್ತು. ಪಕ್ಕದ ಮನೆಯವರು ನೋಡಿ, "ಪ್ಲಾಸ್ಟರ್ ಅಲ್ವಾ, ಹಾಗೆ ಆಗ್ತದೆ. ಸಂಜೆವರೆಗೆ ನೋಡುವ" ಎಂದರು. ಅತ್ತೆ ನನ್ನನ್ನು ಎತ್ತಿಕೊಂಡು ಹೆದ್ದಾರಿಗೆ ಓಡಿದರು. ಬಸ್ಸು ಕಾಣಲಿಲ್ಲ, ಕಾರುಗಳು ನಿಲ್ಲಲಿಲ್ಲ. ಕೊನೆಗೆ ಒಂದು ಮೀನಿನ ಟೆಂಪೋದ ಎದುರು ಹೋಗಿ ನಿಂತೇಬಿಟ್ಟರು.

"ಎಂತ ಮಾರಾಯ್ರೆ, ಸಾಯ್ಲಿಕ್ಕೆ ಬಂದದ್ದಾ?" ಎಂದು ಚಾಲಕ ಕಿರುಚಿದ.

"ಮಗುವಿನ ಕೈ ಸಾಯ್ತಾ ಉಂಟು. ಮಣಿಪಾಲಕ್ಕೆ ಬಿಡಿ."

ಅವನು ಪಕ್ಕದ ಬಾಗಿಲು ತೆರೆದ. ಹಾರ್ನ್ ಒತ್ತಿಕೊಂಡೇ ಕಾಪು ಪೇಟೆ ದಾಟಿಸಿದ.

"ಅತ್ತೇ, ಕೈ ಕತ್ತರಿಸ್ತಾರಾ?"

"ಸುಮ್ಮನಿರು ಮಗಾ," ಎಂದರು.

ಆಸ್ಪತ್ರೆಯಲ್ಲಿ ಗರಗಸ ಕಿರ್ರೆಂದಿತು; ಮೂಗಿಗೆ ಸುಣ್ಣದಂಥ ಧೂಳು. ಪ್ಲಾಸ್ಟರ್ ಬಿರಿದ ಸ್ವಲ್ಪ ಹೊತ್ತಿಗೆ ಬೆರಳುಗಳು ಜುಮುಜುಮು ಎಂದವು, ಮೆಲ್ಲನೆ ಕೆಂಪಾದವು. "ಒಳಗೆ ಬಾತು ರಕ್ತ ಓಡ್ತಿರಲಿಲ್ಲ. ಮನೆಯಲ್ಲಿದ್ದರೂ ಹೀಗಾಗಬಹುದಿತ್ತು. ಸಂಜೆವರೆಗೆ ಕಾದಿದ್ದರೆ ಕೈ ಉಳಿಯುತ್ತಿರಲಿಲ್ಲ," ಎಂದರು ಡಾಕ್ಟರು. ಅತ್ತೆ ಆಗ ಅತ್ತರು.

ಸುದ್ದಿ ತಿಳಿದು ಕಾರ್ಕಳದಿಂದ ಬಂದ ಅಪ್ಪ ಇದೊಂದನ್ನೂ ಕೇಳಿಸಿಕೊಳ್ಳಲಿಲ್ಲ. ವಾರ್ಡಿನಲ್ಲಿ ಎಲ್ಲರೆದುರು, "ಕಡಲಿಗೆ ಕರೆದುಕೊಂಡು ಹೋಗಿದ್ದೆಯಂತೆ! ಇದಾ ನೀನು ನೋಡಿಕೊಂಡದ್ದು?" ಎಂದರು.

"ಅತ್ತೆ ಇಲ್ಲದಿದ್ದರೆ..." ಎಂದು ನಾನು ಶುರುಮಾಡಿದೆ.

"ನೀನು ಸುಮ್ಮನಿರು."

ಅತ್ತೆ ನನ್ನ ಬೆರಳುಗಳನ್ನು ಒಮ್ಮೆ ಮುಟ್ಟಿ ನೋಡಿ, ಒಬ್ಬರೇ ಬಸ್ಸಿಗೆ ಹೋದರು.

ಕೈ ನೆಟ್ಟಗಾಯಿತು. ಮರುವರ್ಷ ಮನೆಯಲ್ಲಿ ಯಾರೂ ಹೆಜಮಾಡಿಯ ಹೆಸರೆತ್ತಲಿಲ್ಲ. ಅದರ ನಂತರವೂ ಇಲ್ಲ. ಮದುವೆ ಮನೆಗಳಲ್ಲಿ ಸಿಕ್ಕಾಗ ಅಪ್ಪ ಮತ್ತು ಅತ್ತೆ "ಊಟ ಆಯ್ತಾ?" ಎನ್ನುವಷ್ಟು ಮಾತಾಡುತ್ತಾರೆ.

ಹೋದ ವರ್ಷ ನಾನೊಬ್ಬಳೇ ಅಲ್ಲಿಗೆ ಹೋದೆ. ಅತ್ತೆಗೆ ಖುಷಿಯಾಯಿತು. ಅಪರೂಪದ ನೆಂಟರಿಗೆಂಬಂತೆ ಕುರ್ಚಿ ಒರೆಸಿ ಕೂರಿಸಿದರು, ಫ್ಯಾನ್ ಹಾಕಿದರು, ಚಹಾಕ್ಕೆ ಸಕ್ಕರೆ ಎಷ್ಟೆಂದು ಕೇಳಿದರು. ಅವರ ಹಿಂದೆಯೇ ಅಡುಗೆಮನೆಗೆ ಹೋಗೋಣವೆಂದು ಎದ್ದೆ.

"ಬೇಡ, ನೀನು ಇಲ್ಲೇ ಕೂತುಕೋ. ಒಳಗೆಲ್ಲ ಮಸಿ, ಸೀರೆ ಹಾಳಾದೀತು," ಎಂದರು.

ಕೂತೆ.