ಹಾರುವ ಪುಟದ ಎದುರು ನಾಲ್ಕು ದಿನ

ತನ್ವೀ, ಶ್ರೇಯಸ್, ಈ ಹಾಳೆಗಳು ನಿಮಗಾಗಿ. ಎದುರು ಕೂತು ಹೇಳುವಷ್ಟು ಮಾತು ನನಗೆ ಬರುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ನೀವು ಮರಾಠಿಯಲ್ಲಿ ಕೇಳುತ್ತೀರಿ, ನಾನು ಕನ್ನಡದಲ್ಲಿ ಅರ್ಧ ಹೇಳುತ್ತೇನೆ, ಅಷ್ಟರಲ್ಲಿ ನಿಮ್ಮ ಕ್ಲಾಸಿಗೆ ಹೊತ್ತಾಗುತ್ತದೆ. ಬರೆಯುವಾಗ ಯಾರೂ ಅವಸರ ಮಾಡುವುದಿಲ್ಲ. ಓದುವಾಗ ಎಲ್ಲಾದರೂ ತಡವರಿಸಿದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ.

ಕಳೆದ ವಾರ ಬಣ್ಣ ಬಳಿಯುವವರು ಬರುತ್ತಾರೆಂದು ಕಪಾಟು ಖಾಲಿ ಮಾಡುತ್ತಿದ್ದಾಗ ಶ್ರೇಯಸ್, ನಿನ್ನ ಕೈಗೆ ಒಂದು ರಟ್ಟಿನ ತುಂಡು ಸಿಕ್ಕಿತಲ್ಲ. "ಆಜಿ, ಹೇ ಕಾಯ್? ಕಚರಾ?" ಎಂದು ಕೇಳಿದೆ. ನಾನು ಅದನ್ನು ನಿನ್ನ ಕೈಯಿಂದ ಕಸಿದುಕೊಂಡೆ. ಹಾಗೆ ಕಸಿಯುವ ಅಜ್ಜಿಯನ್ನು ನೀನು ಕಂಡಿರಲಿಲ್ಲ. ನಿನ್ನ ಮುಖ ಸಣ್ಣದಾಯಿತು. ಅದು ಕಸ ಅಲ್ಲ, ಮಗು. ಯಾರದೋ ಮದುವೆಯ ಆಮಂತ್ರಣ ಪತ್ರಿಕೆಯನ್ನು ಗೇಣುದ್ದಕ್ಕೆ ಕತ್ತರಿಸಿ, ನಡುವೆ ಬ್ಲೇಡಿನಿಂದ ಒಂದು ಸಾಲಿನಷ್ಟೇ ಎತ್ತರದ ಕಿಂಡಿ ಕೊರೆದದ್ದು. ಪೇಪರಿನ ಮೇಲೆ ಅದನ್ನು ಇಟ್ಟರೆ ಒಂದೇ ಸಾಲು ಕಾಣುತ್ತದೆ, ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಎದುರು ಮನೆಯಾಕೆ ಅದನ್ನು ಹಿಡಿದು ಪೇಪರ್ ಓದುತ್ತಿದ್ದರು. ಮೂಗಿನ ಹತ್ತಿರ ತಂದರೆ ಈಗಲೂ ಕಾಫಿಪುಡಿಯ ವಾಸನೆ ಬರುತ್ತದೆ... ಅಥವಾ ಬರುತ್ತದೆ ಎಂದು ನನಗೆ ಅನಿಸುತ್ತದೆ.

ಆಗ ನೀವು ವಾಶಿಯಲ್ಲಿದ್ದಿರಿ, ಶ್ರೇಯಸ್ ಇನ್ನೂ ಶಾಲೆಗೆ ಸೇರಿರಲಿಲ್ಲ. ನಾನು ಇದೇ ಡೊಂಬಿವಿಲಿಯ ಮನೆಯಲ್ಲಿ ಒಬ್ಬಳೇ ಇದ್ದೆ. ನಿಮ್ಮ ಅಜ್ಜ ಹೋಗಿ ಒಂದು ವರ್ಷವಾಗಿತ್ತು. ನೀರು ಬರುವ ಹೊತ್ತಿಗೆ ಏಳುವುದು, ತುಂಬಿಸಿಡುವುದು, ಒಂದು ಲೋಟ ಅಕ್ಕಿ ಇಡುವುದು, ಅಷ್ಟೇ ನನ್ನ ದಿನ. ಎದುರಿನ ಬಾಗಿಲಿಗೆ ಬಂದವರು ಮೈಸೂರಿನ ಕಡೆಯವರು. ಐವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಘಣಸೋಲಿಯ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಕೆಲಸ. ಮೊದಮೊದಲು ಥಾಣೆಯಲ್ಲಿ ಗಾಡಿ ಬದಲಿಸಿ ಹೋಗುತ್ತಿದ್ದರು. ಆಮೇಲೆ ಮನೆಯಿಂದಲೇ ಕೆಲಸ ಮಾಡತೊಡಗಿದರು. ಮೆಟ್ಟಿಲ ಮೇಲೆ ಎದುರಾದಾಗ ನಾನು ತಲೆ ತಗ್ಗಿಸಿ ನಕ್ಕರೆ ಅವರು ನಗುತ್ತಿರಲಿಲ್ಲ. ದೊಡ್ಡ ಉದ್ಯೋಗದವರು, ಗರ್ವವಿರಬೇಕು ಎಂದುಕೊಂಡಿದ್ದೆ. ಅದು ನಾನು ಮಾಡಿದ ಮೊದಲ ತಪ್ಪು.

ಒಂದು ಸೋಮವಾರ ಮಧ್ಯಾಹ್ನ ಅವರೇ ಬಾಗಿಲು ತಟ್ಟಿದರು.

"ಅಕ್ಕ, ನಿಮ್ಮ ಕಣ್ಣು ಚೆನ್ನಾಗಿದೆಯಾ?" ಎಂದರು. ಹೆಸರು ಹೇಳಿಕೊಳ್ಳುವ ಮೊದಲೇ ಈ ಪ್ರಶ್ನೆ.

"ಕನ್ನಡಕ ಉಂಟು. ಸೂಜಿಗೆ ನೂಲು ಹಾಕ್ಲಿಕ್ಕೆ ಆಗ್ತದೆ," ಎಂದೆ.

"ಸಾಕು. ಅರ್ಧ ಗಂಟೆ ಬರ್ತೀರಾ? ನನ್ನ ಪಕ್ಕ ಕೂತ್ಕೊಂಡು ಒಂದನ್ನ ನೋಡಿ ಹೇಳ್ಬೇಕು. ಇಂಗ್ಲಿಷ್ ಬರ್ಬೇಕಾಗಿಲ್ಲ."

ಅವರ ಮನೆಯಲ್ಲಿ ಕಿಟಕಿಯ ಹತ್ತಿರ ಮೇಜು, ಮೇಜಿನ ಮೇಲೆ ದೊಡ್ಡ ಪರದೆ. ಅದರಲ್ಲಿ ಒಂದೊಂದು ಅಕ್ಷರವೂ ಹುಣಸೆ ಬೀಜದಷ್ಟು. ಇಷ್ಟು ದೊಡ್ಡ ಪರದೆಯಲ್ಲಿ ಹತ್ತು ಹನ್ನೆರಡು ಸಾಲು ಮಾತ್ರ ಹಿಡಿದಿದ್ದವು. ಅವರು ಕೈಯಿಂದ ಒಂದು ಬಳೆ ತೆಗೆದು ನನ್ನ ಕಣ್ಣಿನ ಮುಂದೆ ಹಿಡಿದರು. "ಇದರೊಳಗಿಂದ ಎಷ್ಟು ಕಾಣುತ್ತೋ, ನನಗೆ ಅಷ್ಟೇ ಕಾಣೋದು ಅಕ್ಕ. ನರ ಒಣಗ್ತಾ ಇದೆ. ಸುತ್ತಲಿಂದ ಮುಚ್ಕೊಂಡು ಬರುತ್ತೆ. ಆಫೀಸಿಗೆ ಹೇಳಿಲ್ಲ. ನೀವೂ ಯಾರಿಗೂ ಹೇಳ್ಬೇಡಿ." ಮೆಟ್ಟಿಲ ಮೇಲೆ ನನ್ನ ನಗು ಆ ಬಳೆಯ ಹೊರಗೆ ಬಿದ್ದಿತ್ತು, ಅಷ್ಟೇ. ನನಗೆ ನಾಚಿಕೆಯಾಯಿತು.

ಅವರು ಕೆಲಸ ಮಾಡುತ್ತಿದ್ದ ವಸ್ತುವಿಗೆ ಎಡಿಟರ್ ಎನ್ನುತ್ತಾರಂತೆ. ಕಂಪ್ಯೂಟರಿನೊಳಗೆ ಬರೆಯುವ ಹಲಗೆ ಎಂದು ನಾನು ಅರ್ಥ ಮಾಡಿಕೊಂಡೆ. ಅದರ ವಿಶೇಷವೆಂದರೆ, ಹೀಗೆ ನಡೆದುಕೋ ಎಂದು ನಾವೇ ಅದಕ್ಕೆ ಬರೆದು ಹೇಳಬಹುದು. ಇಪ್ಪತ್ತು ವರ್ಷ ಅವರು ಅದಕ್ಕೆ ಒಂದೊಂದೇ ಅಪ್ಪಣೆ ಬರೆಯುತ್ತ ಬಂದಿದ್ದರು. ಕಣ್ಣು ಕಿರಿದಾದ ಹಾಗೆಲ್ಲ ಅಪ್ಪಣೆಗಳು ಬೆಳೆದಿದ್ದವು. ಅಕ್ಷರ ದೊಡ್ಡದಿರಲಿ, ಕೆಳಗೆ ಹೋದರೆ ಪುಟ ಒಂದೊಂದೇ ಸಾಲು ಸರಿಯಲಿ, ಎಂದೂ ಜಿಗಿಯದಿರಲಿ. ಜಿಗಿದರೆ ಅವರ ಬಳೆಯೊಳಗಿಂದ ಸಾಲು ಕಳೆದುಹೋಗುತ್ತಿತ್ತು. ಮತ್ತೆ ಹುಡುಕಲು ಎಷ್ಟೋ ಹೊತ್ತು.

ಕಂಪನಿಯವರು ಹೊಸ ಕಂಪ್ಯೂಟರ್ ಕಳಿಸಿದ ಮೇಲೆ ಪುಟ ಜಿಗಿಯತೊಡಗಿತ್ತು. ಕೆಲವೊಮ್ಮೆ ನೆಟ್ಟಗೆ ಇಳಿಯುತ್ತದೆ, ಕೆಲವೊಮ್ಮೆ ಇದ್ದಕ್ಕಿದ್ದಂತೆ ಅರ್ಧ ಪುಟ ಮೇಲಕ್ಕೆ ಹಾರುತ್ತದೆ. ಎರಡು ವಾರದ ಕೆಲಸ ಹಿಂದೆ ಬಿದ್ದಿತ್ತು. ಶುಕ್ರವಾರ ಒಪ್ಪಿಸಲೇಬೇಕು.

"ಅದಕ್ಕಿಂತ ಹೆಚ್ಚಿನ ಭಯ ಒಂದಿದೆ," ಎಂದರು. "ಪುಟ ಹಾರ್ತಿದೆಯೋ, ನನ್ನ ಕಣ್ಣೇ ಹಾರ್ತಿದೆಯೋ ಗೊತ್ತಾಗ್ತಿಲ್ಲ. ಕಣ್ಣಾದ್ರೆ ಇಲ್ಲಿಗೆ ಮುಗೀತು. ಊರಿಗೆ ಹೋಗಿ ತಂಗಿ ಮನೆ ಮೂಲೇಲಿ ಕೂತ್ಕೊಳ್ಳೋದು. ಪುಟ ಹಾರಿದಾಗ ನೀವು 'ಹಾರಿತು' ಅನ್ನಿ. ಅಷ್ಟೇ ನಿಮ್ಮ ಕೆಲಸ."

ಅವರು ಗುಂಡಿ ಒತ್ತುತ್ತ ಕೆಳಗಿಳಿದರು. ಸಾಲು, ಸಾಲು, ಸಾಲು... ಪುಟ ಟಕ್ಕೆಂದು ಮೇಲೆ ಹೋಯಿತು.

"ಹಾರಿತು," ಎಂದೆ.

ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. "ನೀವೂ ನೋಡಿದ್ರಾ? ನಿಜವಾಗ್ಲೂ?"

"ನಿಜ ಮಾರಾಯ್ರೆ. ಅರ್ಧಕ್ಕರ್ಧ ಹಾರಿತು."

ಪುಟ ಕೆಟ್ಟಿದೆ ಎಂದು ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಎದ್ದು ಹೋಗಿ ಕಾಫಿ ಮಾಡಿ ತಂದರು.

ಮರುದಿನದಿಂದ ಹುಡುಕಾಟ ಶುರುವಾಯಿತು. ಇಪ್ಪತ್ತು ವರ್ಷದ ಅಪ್ಪಣೆಗಳಲ್ಲಿ ಯಾವುದೋ ಒಂದು ಹೊಸ ಯಂತ್ರಕ್ಕೆ ಒಗ್ಗುತ್ತಿಲ್ಲ ಎಂಬುದು ಅವರ ಲೆಕ್ಕ. ಅರ್ಧ ಅಪ್ಪಣೆಗಳನ್ನು ಮುಚ್ಚುವುದು, ನೋಡುವುದು. ಹಾರಿದರೆ ಉಳಿದದ್ದರಲ್ಲಿ ಮತ್ತೆ ಅರ್ಧ. ಈ ಕ್ರಮ ನನಗೆ ಹೊಸದಾಗಿರಲಿಲ್ಲ. ನಿಮ್ಮ ಅಜ್ಜ ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ವಯರ್‌ಮನ್ ಆಗಿದ್ದರಲ್ಲ. ಗಣಪತಿಗೆ ಹಾಕುವ ದೀಪದ ಸರ ಕೆಟ್ಟರೆ ನೆಲದ ಮೇಲೆ ಉದ್ದಕ್ಕೆ ಹಾಸಿ, ನಡುವಿನಿಂದ ಶುರು ಮಾಡಿ ಹೀಗೇ ಅರ್ಧ ಅರ್ಧ ಮಾಡಿ ಹುಡುಕುತ್ತಿದ್ದರು. ಅದನ್ನು ಹೇಳಿದೆ. "ನೋಡಿ, ನಿಮ್ಮ ಯಜಮಾನ್ರು ನನಗಿಂತ ಮುಂಚೆನೇ ಪ್ರೋಗ್ರಾಮರ್," ಎಂದರು. ಒಂದು ವರ್ಷದಲ್ಲಿ ಮೊದಲ ಸಲ ನನ್ನ ಮನೆಯವರ ಮಾತು ಬಂದು ನಾನು ಅಳದೆ ಇದ್ದೆ.

ಮಂಗಳವಾರ ಕಳೆಯಿತು. ಬುಧವಾರವೂ ಕಳೆಯಿತು. ಕೊನೆಗೆ ಪುಟ ಸಾಲುಸಾಲಾಗಿ ಸರಿಯಲಿ ಎನ್ನುವ ಒಂದೇ ಅಪ್ಪಣೆ ಉಳಿಸಿ, ಅಕ್ಷರವನ್ನು ಕೈಯಿಂದ ದೊಡ್ಡದು ಮಾಡಿಕೊಂಡು, ಬೇರೆಲ್ಲ ಮುಚ್ಚಿದರು. ಆದರೂ ಹಾರಿತು. ಅಂದರೆ ಅವರು ಬರೆದ ಯಾವುದರಲ್ಲೂ ತಪ್ಪಿರಲಿಲ್ಲ. ಅದು ಸಮಾಧಾನದ ಸಂಗತಿ ಎಂದು ನಾನು ತಿಳಿದೆ. ಅವರು ಗುಂಡಿಗಳಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ತಾವು ಬರೆದದ್ದಾಗಿದ್ದರೆ ತಾವೇ ತಿದ್ದಬಹುದಿತ್ತು.

ಮಕ್ಕಳೇ, ಈಗ ಹೇಳಲು ಕಷ್ಟವಾಗುವ ಮಾತಿಗೆ ಬಂದೆ. ಸೋಮವಾರವೇ ನನಗೆ ಒಂದು ಕಂಡಿತ್ತು. ಪುಟ ಹಾರುವುದಕ್ಕೆ ಸರಿಯಾಗಿ, ಕೆಳಗಿನಿಂದ ಬರುವ ಸಾಲಿನ ಕೊನೆಯಲ್ಲಿ ಒಂದು ಬಣ್ಣದ ಪುಟ್ಟ ಚಿತ್ರ ಇಣುಕುತ್ತಿತ್ತು. ಒಮ್ಮೆ ದೀಪಾವಳಿಯ ರಾಕೆಟ್ಟಿನಂಥದು, ಒಮ್ಮೆ ಬೆಂಕಿ, ಒಮ್ಮೆ ನಗುವ ಹಳದಿ ಮುಖ. ಅದು ಬಂದಾಗೆಲ್ಲ ಪುಟ ಜಿಗಿಯುತ್ತಿತ್ತು. ಮಂಗಳವಾರ ಖಾತ್ರಿಯಾಯಿತು. ಬುಧವಾರ ಹಾರುವುದಕ್ಕೆ ಮೊದಲೇ ನನಗೆ ಗೊತ್ತಾಗುತ್ತಿತ್ತು. ಆದರೆ ನಾನು ಹೇಳಲಿಲ್ಲ. ಅಷ್ಟು ಕಲಿತವರಿಗೆ ಕಾಣದ್ದು ನನಗೆ ಕಂಡೀತೇ, ಅವರು ಲೆಕ್ಕಕ್ಕೆ ಹಿಡಿದೇ ಇರುತ್ತಾರೆ, ನಡುವೆ ಬಾಯಿ ಹಾಕಬಾರದು ಎಂದುಕೊಂಡೆ. ಊರಿನ ಶಾಲೆಯಲ್ಲಿ ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮಾಸ್ಟ್ರು ಹಲಗೆಯ ಮೇಲೆ ಒಂದು ಕಳೆಯುವ ಲೆಕ್ಕ ತಪ್ಪಿದ್ದರು. ನಾನು ಎದ್ದು ಹೇಳಿದೆ. "ದೊಡ್ಡ ಪಂಡಿತೆ ಬಂದಳು ನೋಡಿ," ಎಂದರು. ಇಡೀ ಕೋಣೆ ನಕ್ಕಿತು. ಅಂದು ಕೂತವಳು ನಾನು ಮತ್ತೆ ಎದ್ದಿರಲಿಲ್ಲ.

'ಹಾರಿತು' ಅನ್ನಿ ಎಂದಿದ್ದರು. ಹಾರಿತು ಎಂದಷ್ಟೇ ಅನ್ನುತ್ತಿದ್ದೆ.

ಗುರುವಾರ ನಾನು ಹೋದಾಗ ಕಾಫಿಯ ವಾಸನೆ ಇರಲಿಲ್ಲ.

"ಇವತ್ತು ಹುಡುಕೋದು ಬೇಡ ಅಕ್ಕ. ಆಫೀಸಿಗೆ ಒಂದು ಕಾಗದ ಬರೀತೀನಿ, ಇನ್ನು ನನ್ನ ಕೈಲಾಗಲ್ಲ ಅಂತ. ಸುಮ್ಮನೆ ಪಕ್ಕದಲ್ಲಿ ಕೂತಿರಿ."

ಅದೇ ಎಡಿಟರಿನಲ್ಲಿ ಖಾಲಿ ಪುಟ ತೆರೆದು ಬರೆಯತೊಡಗಿದರು. ಇಂಗ್ಲಿಷ್ ನನಗೆ ತಿಳಿಯದು, ಆದರೂ ಅದೇನೆಂದು ಗೊತ್ತಿತ್ತು. ಅಕ್ಷರ ದೊಡ್ಡದಲ್ಲವೇ, ಸ್ವಲ್ಪ ಬರೆಯುವಷ್ಟರಲ್ಲಿ ಪರದೆ ತುಂಬಿತು. ಪುಟ ಒಂದು ಸಾಲು ಸರಿಯಿತು. ಮತ್ತೊಂದು ಸಾಲು ಸರಿಯಿತು. ಮೆಟ್ಟಿಲು ಇಳಿದ ಹಾಗೆ, ಒಂದೊಂದೇ. ಹದಿನೈದು ಇಪ್ಪತ್ತು ಸಾಲಾದರೂ ಒಮ್ಮೆಯೂ ಜಿಗಿಯಲಿಲ್ಲ. ಆ ಕಾಗದ ಮುಗಿದರೆ ಅವರು ಹೊರಟುಹೋಗುತ್ತಾರೆ.

"ಇದರಲ್ಲಿ ಹಾರುದಿಲ್ಲ," ಎಂದುಬಿಟ್ಟೆ.

ಅವರ ಬೆರಳು ನಿಂತಿತು. "ಏನಂದ್ರಿ?"

"ಎಂತ ಇಲ್ಲ... ಹೇಳಿದ್ರೆ ನಗಾಡ್ತೀರಿ."

"ಈ 'ಎಂತ ಎಂತ' ಬಿಟ್ಟು ಹೇಳಿ ಅಕ್ಕ!"

"ಇದರಲ್ಲಿ ರಾಕೆಟ್ ಇಲ್ಲ ಅಲ್ವಾ, ಅದಕ್ಕೆ ಹಾರುದಿಲ್ಲ."

"ಯಾವ ರಾಕೆಟ್ಟು?"

ನಾನು ಕೆಲಸದ ಪುಟ ತೆಗೆಯಿರಿ ಎಂದೆ. ಸಾಲಿನ ಕೊನೆಗೆ ಬೆರಳಿಟ್ಟು ತೋರಿಸಿದೆ. ಅವರು ಮುಖವನ್ನು ಮೆಲ್ಲಗೆ ಬಲಕ್ಕೆ ತಿರುಗಿಸುತ್ತ ಬಂದು ನನ್ನ ಬೆರಳಿನ ತುದಿಯಲ್ಲಿ ನಿಲ್ಲಿಸಿದರು. ಆಗ ನನಗೆ ಹೊಳೆಯಿತು. ಅವರು ನೋಡುತ್ತಿದ್ದುದು ಯಾವಾಗಲೂ ಸಾಲಿನ ಮೊದಲನ್ನು. ಆ ಚಿತ್ರ ಎಂದೂ ಅವರ ಬಳೆಯೊಳಗೆ ಬಂದೇ ಇರಲಿಲ್ಲ.

ರಾಕೆಟ್ ಅಳಿಸಿ ಇಳಿದರು. ಹಾರಲಿಲ್ಲ. ಮತ್ತೆ ಇಟ್ಟು ಇಳಿದರು. ಹಾರಿತು. ಮೂರು ಸಲ ಹಾಗೆ ಮಾಡಿ ನೋಡಿದರು.

"ಯಾವತ್ತಿಂದ ನೋಡ್ತಿದ್ದೀರಿ ಇದನ್ನ?"

"ಸೋಮವಾರದಿಂದ."

"ಸೋಮವಾರ! ಇವತ್ತು ಗುರುವಾರ ಕಣಕ್ಕ! ಅಯ್ಯೋ ನನ್ನ ತಾಯಿ, ಬಾಯಲ್ಲಿ ಎಲೆ ಅಡಿಕೆ ಇತ್ತಾ?"

ಬೈಯುತ್ತಾರೆ ಎಂದುಕೊಂಡೆ. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ತಿಳಿಸಿ ಹೇಳಿದರು. ಆಫೀಸಿನ ಚಿಕ್ಕವರು ಕೆಲಸದ ನಡುವೆ ಹಾಕುವ ಟಿಪ್ಪಣಿಗಳಲ್ಲಿ ಹುರುಪಿಗೆ ಈ ಚಿತ್ರ ಇಡುತ್ತಾರಂತೆ. ಹಳೆಯ ಯಂತ್ರಕ್ಕೆ ಅದು ಗೊತ್ತಿರಲಿಲ್ಲ, ಖಾಲಿ ಚೌಕ ತೋರಿಸಿ ಸುಮ್ಮನಿರುತ್ತಿತ್ತು. ಹೊಸದು ಚಿತ್ರವನ್ನೇ ತಂದು ಇಡುತ್ತದೆ. ಚಿತ್ರ ಅಕ್ಷರಕ್ಕಿಂತ ಎತ್ತರ, ಅದಿರುವ ಸಾಲೂ ಎತ್ತರ. ಆ ಸಾಲು ಕೆಳಗಿನ ಅಂಚಿನಲ್ಲಿ ಹಿಡಿಸದೆ, ಎಡಿಟರ್ ಲೆಕ್ಕ ತಪ್ಪಿ, ಅರ್ಧ ಪುಟವನ್ನೇ ಎತ್ತಿ ಹಾಕುತ್ತಿತ್ತು. ಚಿತ್ರವನ್ನು ಅಕ್ಷರದಷ್ಟಕ್ಕೇ ಕುಗ್ಗಿಸು ಎಂದು ಅವರು ನಾಲ್ಕು ಸಾಲಿನ ಅಪ್ಪಣೆ ಬರೆದರು. ಮುಚ್ಚಿದ ಹಳೆಯ ಅಪ್ಪಣೆಗಳನ್ನೆಲ್ಲ ತೆರೆದರು. ಬರೆದ ಕಾಗದವನ್ನು ಅಳಿಸಿದರು. ಶುಕ್ರವಾರ ಸಂಜೆಯ ಹೊತ್ತಿಗೆ ಕೆಲಸ ಒಪ್ಪಿಸಿದರು. ನಾನು ಗೋಳಿಬಜೆ ಮಾಡಿಕೊಂಡು ಹೋಗಿದ್ದೆ. ಒಬ್ಬರೇ ಎಂಟು ತಿಂದರು.

ಕೆಲವು ತಿಂಗಳ ನಂತರ ಅವರೇ ಆಫೀಸಿಗೆ ಕಣ್ಣಿನ ವಿಷಯ ಹೇಳಿದರು. "ನೀವು ಬಾಯಿ ಬಿಟ್ರಲ್ಲ, ನನಗೂ ಧೈರ್ಯ ಬಂತು," ಎಂದರು. ಅವರು ಹೆದರಿದಂತೆ ಏನೂ ಆಗಲಿಲ್ಲ. ಮತ್ತೂ ಎರಡು ವರ್ಷ ಆ ಮೇಜಿನ ಮುಂದೆ ಕೂತು ಕೆಲಸ ಮಾಡಿದರು. ಬಳೆ ಉಂಗುರವಾಯಿತು, ಉಂಗುರ ಸೂಜಿಯ ಕಣ್ಣಾಯಿತು... ಕೊನೆಗೆ ತಂಗಿ ಬಂದು ಮೈಸೂರಿಗೆ ಕರೆದುಕೊಂಡು ಹೋದರು. ಹೊರಡುವ ದಿನ ಈ ರಟ್ಟನ್ನು ನನ್ನ ಕೈಯಲ್ಲಿಟ್ಟು, "ಇನ್ನು ಇದು ನನಗೆ ಬೇಡ ಅಕ್ಕ," ಎಂದರು. ಜೊತೆಗೆ ಒಂದು ಹಾಳೆ. ಆ ನಾಲ್ಕು ಸಾಲನ್ನು ದೊಡ್ಡದಾಗಿ ಅಚ್ಚು ಮಾಡಿಸಿದ್ದರು. ಅದರ ಮೇಲೆ ಕನ್ನಡದಲ್ಲಿ ಒಂದು ಸಾಲು: "ಎದುರು ಮನೆ ಅಕ್ಕ ನೋಡಿ ಹೇಳಿದ್ದು. ಇದನ್ನು ಅಳಿಸಬೇಡಿ." ಮುಂದೆ ಯಾರು ತೆರೆದರೂ ಓದಲಿ ಎಂದು ಎಡಿಟರಿನೊಳಗೂ ಹಾಗೇ ಬರೆದಿಟ್ಟಿದ್ದರಂತೆ.

ಭಾನುವಾರಗಳಲ್ಲಿ ಫೋನ್ ಮಾಡುತ್ತಿದ್ದರು. "ಏನ್ ಕಾಣ್ತಿದೆ ಅಕ್ಕ ಕಿಟಕೀಲಿ?" ಎಂದು ಕೇಳುತ್ತಿದ್ದರು. ಕಂಡದ್ದನ್ನೆಲ್ಲ ಹೇಳುತ್ತಿದ್ದೆ, ಕೇಳದೆ ಇದ್ದದ್ದನ್ನೂ. ಕಳೆದ ನವರಾತ್ರಿಯಲ್ಲಿ ಎರಡು ಭಾನುವಾರ ಫೋನ್ ಬರಲಿಲ್ಲ. ನಾನೇ ಮಾಡಿದೆ. ತಂಗಿ ಎತ್ತಿಕೊಂಡರು. ಇನ್ನು ಅವರಿಲ್ಲ ಎಂದರು.

ಈಗ ಎದುರು ಬಾಗಿಲಿನಲ್ಲಿ ಬೇರೆಯವರ ಚಪ್ಪಲಿಗಳಿವೆ. ಒಳ್ಳೆಯ ಜನ. ಅವರು ನಗುತ್ತಾರೆ, ನಾನೂ ನಗುತ್ತೇನೆ, ಈಗ ಮಾತನ್ನೂ ಆಡುತ್ತೇನೆ. ಆದರೆ ಈ ಕಿಂಡಿಯನ್ನು ಪೇಪರಿನ ಮೇಲೆ ಇಟ್ಟು ನೋಡಿದಾಗೆಲ್ಲ ಒಂದೇ ಲೆಕ್ಕ ಕಣ್ಣಿಗೆ ಬರುತ್ತದೆ. ಅವರಿಗೆ ಕಾಣುವ ದಿನಗಳು ಎಣಿಕೆಯಷ್ಟೇ ಉಳಿದಿದ್ದವು. ಅದರಲ್ಲಿ ನಾಲ್ಕನ್ನು ನನ್ನ ನಾಚಿಕೆ ತಿಂದುಹಾಕಿತು. ಅವರು ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ನಾನು ಮರೆತಿಲ್ಲ.

ಬಣ್ಣದವರು ನಾಳೆ ಬರುತ್ತಾರೆ. ರಟ್ಟನ್ನೂ ಆ ಅಚ್ಚಿನ ಹಾಳೆಯನ್ನೂ ನಾನು ಬರೆದ ಈ ಹಾಳೆಗಳ ನಡುವೆ ಇಡುತ್ತಿದ್ದೇನೆ. ಶ್ರೇಯಸ್, ಮೊನ್ನೆ ನಿನ್ನ ಕೈಯಿಂದ ಕಸಿದುಕೊಂಡದ್ದನ್ನು ಈಗ ನಿನ್ನ ಕೈಗೇ ಕೊಡುತ್ತಿದ್ದೇನೆ. ತನ್ವೀ, ನಿನಗೆ ಅಕ್ಷರ ಬೇಗ ಹತ್ತುತ್ತದೆ, ಅವನಿಗೆ ಓದಿ ಹೇಳು. ಮನೆ ಬದಲಾದರೂ, ಕಪಾಟು ಬದಲಾದರೂ, ಈ ಹಾಳೆಗಳನ್ನು ಒಟ್ಟಿಗೇ ಜೋಪಾನ ಮಾಡಿ. ಅವರು ಬರೆದಂತೆಯೇ ನಾನೂ ಕೇಳುತ್ತೇನೆ, ಇದನ್ನು ಅಳಿಸಬೇಡಿ.